ಮೆಣಸಿನ ಕಾಳು ಸುತ್ತಿ ಬಂದ ದಾರಿ

ಇದನ್ನು ಬರೆಯಬೇಕು ಅಂದುಕೊಂಡು ಬಹಳ ದಿನ ಆಯ್ತು. ಪ್ರತಿ ಸಲ ಶುರು ಮಾಡ್ತೀನಿ, ಎಲ್ಲೋ ಒಂದು ಕಡೆ ಯಾವುದೋ ಹಳೇ ಬಂದರಿನ ಕತೆಯೊಳಗೆ ಕಳೆದುಹೋಗ್ತೀನಿ, ಡ್ರಾಫ್ಟ್ ಹಾಗೇ ಉಳಿದುಬಿಡತ್ತೆ. ಈ ಸಲ ಮುಗಿಸಲೇಬೇಕು ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆದ್ರೆ ಬೈಕೋಬೇಡಿ.

ಶುರುವಾಗಿದ್ದು 2018ರ ಬೇಸಿಗೆಯಲ್ಲಿ, ನಮ್ಮನೆ ಅಟ್ಟದ ಮೇಲೆ. ನಮ್ಮೂರು ಸಿದ್ದಾಪುರ ತಾಲ್ಲೂಕಿನಲ್ಲಿ. ಅಡಿಕೆ ತೋಟ, ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಅಡಿಕೆ ಮನೆ ಖರ್ಚಿಗೆ, ಕಾಳುಮೆಣಸು ಕಷ್ಟಕ್ಕೆ ಅನ್ನುವುದು ನಮ್ಮಲ್ಲಿಯ ಲೆಕ್ಕ. ಒಣಗಿಸಿ ಚೀಲ ಕಟ್ಟಿ ಅಟ್ಟದ ಮೇಲೆ ಇಟ್ಟರೆ ವರ್ಷಗಟ್ಟಲೆ ಹಾಳಾಗುವುದಿಲ್ಲ. ಮದುವೆ, ಆಸ್ಪತ್ರೆ, ಮಕ್ಕಳ ಫೀಸು ಅಂತ ಬಂದಾಗ ಒಂದೊಂದೇ ಚೀಲ ಕೆಳಗಿಳಿಯುತ್ತದೆ. ಬ್ಯಾಂಕಿನ ಎಫ್‌ಡಿ ಇದ್ದ ಹಾಗೆ.

2016ರ ಆಸುಪಾಸಿನಲ್ಲಿ ಕಾಳಿಗೆ ಕಿಲೋಗೆ 700 ರೂಪಾಯಿಯ ಹತ್ತಿರ ದರ ಇತ್ತು. ಅಪ್ಪಯ್ಯ ಮಾರಲಿಲ್ಲ. ಇನ್ನೂ ಏರುತ್ತದೆ ಅಂತಲ್ಲ, ಆಗ ಕಷ್ಟ ಇರಲಿಲ್ಲ ಅಷ್ಟೆ. ಎರಡು ವರ್ಷ ಬಿಟ್ಟು ಆಯಿಯ ಮಂಡಿ ಆಪರೇಷನ್ನಿಗೆ ದುಡ್ಡು ಬೇಕಾಯಿತು. ಚೀಲ ಇಳಿಸಿ ಶಿರಸಿಗೆ ತಗೊಂಡು ಹೋದರೆ ದರ ಹೆಚ್ಚುಕಮ್ಮಿ ಅರ್ಧಕ್ಕೆ ಬಂದಿದೆ. ಅಂಗಡಿಯವರು ಬೇಜಾರಿನಿಂದಲೇ ಹೇಳಿದರು, "ಕೊಲಂಬೋದಿಂದ ಮಾಲು ಬರ್ತಾ ಇದೆ ಹೆಗಡೇರೇ, ನಾವೇನು ಮಾಡೂಕಾಗ್ತದೆ?"

ವಾಪಸ್ ಬರುವಾಗ ಅಪ್ಪಯ್ಯ ಏನೂ ಮಾತಾಡಲಿಲ್ಲ. ಊರಿನ ತಿರುವಿನಲ್ಲಿ ಬಸ್ಸಿಳಿದ ಮೇಲೆ ಕೇಳಿದ, "ತಮಾ, ಸಿಲೋನಲ್ಲಿ ಅಷ್ಟೆಲ್ಲ ಕಾಳು ಆಗ್ತಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದೇ ಈ ಬರಹ.

*

ಮೊದಲು ಸೀದಾ ಉತ್ತರ ಹೇಳಿಬಿಡ್ತೀನಿ. ಸಿಲೋನಿನಲ್ಲಿ ಕಾಳುಮೆಣಸು ಆಗುತ್ತದೆ, ಒಳ್ಳೆಯದೇ ಆಗುತ್ತದೆ. ಆದರೆ ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವುದು, ಅತಿ ಹೆಚ್ಚು ಮಾರುವುದು ವಿಯೆಟ್ನಾಂ. ಅಲ್ಲಿಯ ದರ ನಮ್ಮ ದರಕ್ಕಿಂತ ಕಡಿಮೆ. ನಮ್ಮ ದೇಶ ಕಾಳುಮೆಣಸಿನ ಆಮದಿಗೆ ಹಾಕುವ ಸಾಮಾನ್ಯ ಸುಂಕ 70%. ಆಸಿಯಾನ್ ಒಪ್ಪಂದದ ಪ್ರಕಾರ ವಿಯೆಟ್ನಾಮಿನಿಂದ ನೇರವಾಗಿ ಬಂದರೆ ಆಗ 50%ಕ್ಕಿಂತ ತುಸು ಹೆಚ್ಚು. ಆದರೆ ಶ್ರೀಲಂಕಾದ ಜೊತೆ ನಮ್ಮದು ಬೇರೆಯೇ ನೆಂಟಸ್ತಿಕೆ. 1998ರ ಡಿಸೆಂಬರಿನಲ್ಲಿ ಸಹಿಯಾಗಿ 2000ದ ಮಾರ್ಚಿನಿಂದ ಜಾರಿಗೆ ಬಂದ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ವರ್ಷಕ್ಕೆ 2500 ಟನ್ ಕಾಳುಮೆಣಸು ಸುಂಕವಿಲ್ಲದೆ ಬರಬಹುದು. ಅದನ್ನು ಮೀರಿದ್ದಕ್ಕೆ ಸಾರ್ಕ್ ದೇಶಗಳ ಸಾಫ್ಟಾ ಒಪ್ಪಂದದಡಿ 8% ಸುಂಕ.

ಈಗ ನೀವೇ ಲೆಕ್ಕ ಹಾಕಿ. ನೂರು ರೂಪಾಯಿಯ ಮೆಣಸು ಸೀದಾ ಬಂದರೆ ಐವತ್ತು ರೂಪಾಯಿಯ ಮೇಲೆ ಸುಂಕ. ಅದೇ ಮೆಣಸು ಕೊಲಂಬೋದಲ್ಲಿ ಹಡಗಿಳಿದು, ಚೀಲ ಬದಲಾಯಿಸಿಕೊಂಡು, "ನಾನು ಹುಟ್ಟಿದ್ದು ಇಲ್ಲೇ" ಅಂತ ಒಂದು ಕಾಗದ ಹಿಡಿದುಕೊಂಡು ಬಂದರೆ ಎಂಟು ರೂಪಾಯಿ, ಇಲ್ಲವೇ ಸೊನ್ನೆ. ಆ ಕಾಗದಕ್ಕೆ ಮೂಲ ಪ್ರಮಾಣಪತ್ರ ಅನ್ನುತ್ತಾರೆ. ಮಾಲು ಅಲ್ಲೇ ಬೆಳೆದದ್ದಿರಬೇಕು, ಹೊರಗಿನಿಂದ ತಂದದ್ದಾದರೆ ಬೆಲೆಯ ಕನಿಷ್ಠ 35% ಅಲ್ಲೇ ಸೇರಿರಬೇಕು ಅನ್ನುವುದೆಲ್ಲ ಒಪ್ಪಂದದಲ್ಲಿದೆ. ಆದರೆ ಕಾಳಿನ ಮೈಮೇಲೆ ಊರಿನ ಹೆಸರು ಬರೆದಿರುವುದಿಲ್ಲವಲ್ಲ!

ಕೊಡಗು, ಮಲೆನಾಡಿನ ಬೆಳೆಗಾರರು ಗಲಾಟೆ ಎಬ್ಬಿಸಿದ ಮೇಲೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಆಮದಿಗೆ ತಡೆ ಹಾಕಿತು. 2020ರ ಸೆಪ್ಟೆಂಬರಿನಲ್ಲಿ ಇನ್ನೊಂದು ನಿಯಮ ಬಂತು. ಒಪ್ಪಂದದ ಲಾಭ ಬೇಕು ಅನ್ನುವ ಆಮದುದಾರ ಬರೀ ಪ್ರಮಾಣಪತ್ರ ತೋರಿಸಿದರೆ ಸಾಲದು, ಮಾಲು ನಿಜಕ್ಕೂ ಎಲ್ಲಿಯದು ಅನ್ನುವ ವಿವರವನ್ನೂ ತಾನೇ ಇಟ್ಟುಕೊಂಡಿರಬೇಕು ಅಂತ.

ಇಷ್ಟಕ್ಕೇ ಮುಗಿಸಿದ್ದರೆ ಇದೊಂದು ಸಿಟ್ಟಿನ ಬರಹ ಆಗುತ್ತಿತ್ತು. ನಾನೂ ಹಾಗೇ ಅಂದುಕೊಂಡಿದ್ದೆ. ನಡುವಿನ ದೇಶ ಅಂದರೆ ದಲ್ಲಾಳಿ, ದಲ್ಲಾಳಿ ಅಂದರೆ ಮೋಸ! ಆದರೆ ಹಿಂದಕ್ಕೆ ಹಿಂದಕ್ಕೆ ಓದುತ್ತಾ ಹೋದಾಗ ಗೊತ್ತಾಗಿದ್ದು ಬೇರೆ. ನಮ್ಮ ಘಟ್ಟದ ಕಾಳು ಕೂಡ ಎರಡು ಸಾವಿರ ವರ್ಷ ಜಗತ್ತು ಸುತ್ತಿದ್ದು ನಡುವಿನ ಊರುಗಳ ಮೂಲಕವೇ.

*

ಒಂದನೇ ಶತಮಾನದಲ್ಲಿ ಈಜಿಪ್ಟಿನ ಕಡೆಯ ಒಬ್ಬ ಗ್ರೀಕ್ ವ್ಯಾಪಾರಿ ಬರೆದಿಟ್ಟ ಒಂದು ಸಣ್ಣ ಕೈಪಿಡಿ ಇದೆ. ಹೆಸರು 'ಪೆರಿಪ್ಲಸ್'. ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ. ಯಾವ ಬಂದರಿನಲ್ಲಿ ಏನು ಸಿಗುತ್ತದೆ, ಏನು ಮಾರಬಹುದು ಅನ್ನುವ ಪಟ್ಟಿ. ಅದರಲ್ಲಿ ಅರೇಬಿಯಾದ ತುದಿಯ ಏಡನ್ ಬಗ್ಗೆ ಒಂದು ಮಾತು ಬರುತ್ತದೆ. ಭಾರತದಿಂದ ಈಜಿಪ್ಟಿಗೆ, ಈಜಿಪ್ಟಿನಿಂದ ಭಾರತಕ್ಕೆ ಸೀದಾ ಹಡಗು ಹೋಗುವ ಧೈರ್ಯ ಇನ್ನೂ ಬಂದಿರದ ಕಾಲದಲ್ಲಿ ಎರಡೂ ಕಡೆಯವರು ಈ ಊರಿಗೇ ಬಂದು ಮಾಲು ಬದಲಾಯಿಸಿಕೊಳ್ಳುತ್ತಿದ್ದರಂತೆ. ಅದಕ್ಕೇ ಆ ಊರಿಗೆ 'ಸುಖಿ ಅರೇಬಿಯಾ' ಅನ್ನುವಂಥ ಹೆಸರು. ತಾನು ಏನನ್ನೂ ಬೆಳೆಯದೆ, ಬರೀ ನಡುವೆ ಕೂತಿದ್ದಕ್ಕೇ ಸುಖಿ!

ಆಮೇಲೆ ಮಳೆಗಾಳಿಯ ಗುಟ್ಟು ತಿಳಿದ ರೋಮನ್ನರ ಕಾಲದ ಹಡಗುಗಳು ಸೀದಾ ಮಲಬಾರಿಗೆ ಬರತೊಡಗಿದವು. ಹಾಗಂತ ನಡುವಿನವರು ಹೋದರಾ? ಇಲ್ಲ. ವಿಯೆನ್ನಾದಲ್ಲಿ ಎರಡನೇ ಶತಮಾನದ ಒಂದು ಪಪೈರಸ್ ಹಾಳೆ ಇದೆ, 1985ರಲ್ಲಿ ಪ್ರಕಟವಾಯಿತು. ಕೇರಳದ ಮುಜಿರಿಸ್ ಬಂದರಿನಿಂದ ಮಾಲು ತರುವವನ ಸಾಲದ ಕರಾರು ಅದು. ಹಿಂಭಾಗದಲ್ಲಿ 'ಹರ್ಮಪೋಲನ್' ಅನ್ನುವ ಹಡಗಿನ ಮಾಲಿನ ಲೆಕ್ಕ. ಕೆಂಪು ಸಮುದ್ರದ ದಡದಲ್ಲಿ ಇಳಿಸಿ, ಒಂಟೆಯ ಮೇಲೆ ಮರುಭೂಮಿ ದಾಟಿಸಿ, ನೈಲ್ ನದಿಯ ದೋಣಿಗೆ ಏರಿಸಿ, ಅಲೆಕ್ಸಾಂಡ್ರಿಯಾದ ಸುಂಕದ ಉಗ್ರಾಣಕ್ಕೆ ಮುದ್ರೆ ಹಾಕಿ ಒಪ್ಪಿಸಬೇಕು. ಅಲ್ಲಿ ಕಾಲು ಭಾಗ ಸುಂಕ. ಅಂದರೆ 25%. ಅದಾದ ಮೇಲೆ ರೋಮ್.

ಇಷ್ಟು ಕೈ ದಾಟಿದ ಮೇಲೆ ಆ ಮೆಣಸಿಗೆ ಎಷ್ಟು ಬೆಲೆ ಆಗಿರಬೇಕು? ಭಾರತದ ಮಾಲು ರೋಮಿನಲ್ಲಿ ಮೂಲ ಬೆಲೆಯ ನೂರು ಪಟ್ಟಿಗೆ ಮಾರಾಟವಾಗುತ್ತದೆ ಅಂತ ಅಲ್ಲಿಯ ಪ್ಲಿನಿ ಗೊಣಗಿದ್ದಾನೆ. ಬಳ್ಳಿ ನೆಟ್ಟವನಿಗೆ ಒಂದು, ದಾರಿಗೆ ತೊಂಬತ್ತೊಂಬತ್ತು. ಅಪ್ಪಯ್ಯನಿಗೆ ಇದನ್ನು ಹೇಳಿದಾಗ "ಹಂಗಾರೆ ಹೊಸ್ತಲ್ಲ" ಅಂದ.

*

ನನಗೆ ತುಂಬ ಇಷ್ಟವಾದ ಕತೆ ಮುಂದಿನದು. ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' (1992) ಓದಿದವರಿಗೆ ಗೊತ್ತಿರುತ್ತದೆ. ಓದದವರು ದಯವಿಟ್ಟು ಓದಿ.

ಹಳೇ ಕೈರೋದ ಒಂದು ಯಹೂದಿ ಪ್ರಾರ್ಥನಾ ಮಂದಿರದ ಕೋಣೆಯಲ್ಲಿ ಶತಮಾನಗಳ ರದ್ದಿ ಕಾಗದ ತುಂಬಿತ್ತು. ದೇವರ ಹೆಸರಿರಬಹುದಾದ ಕಾಗದವನ್ನು ಹರಿದು ಬಿಸಾಡಬಾರದು ಅಂತ ಅವರ ನಂಬಿಕೆ. ಹಾಗಾಗಿ ಧರ್ಮಗ್ರಂಥದ ಹಾಳೆಗಳ ಜೊತೆ ವ್ಯಾಪಾರದ ಪತ್ರ, ಲೆಕ್ಕದ ಚೀಟಿ ಎಲ್ಲ ಅಲ್ಲೇ ಸೇರಿಕೊಂಡಿದ್ದವು. 1896-97ರಲ್ಲಿ ಅದರ ಬಹುಪಾಲು ಕೇಂಬ್ರಿಡ್ಜ್ ಸೇರಿತು. ಆಮೇಲೆ ಗೊಯ್ಟೈನ್ ಅನ್ನುವ ವಿದ್ವಾಂಸರು ದಶಕಗಳ ಕಾಲ ಕೂತು ಅದರಲ್ಲಿ ಭಾರತದ ವ್ಯಾಪಾರಕ್ಕೆ ಸೇರಿದ ಪತ್ರಗಳನ್ನು ಹೆಕ್ಕಿ ಓದಿದರು.

ಆ ಪತ್ರಗಳಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವವನಿದ್ದಾನೆ. ಟುನೀಸಿಯಾದ ಮಹ್ದಿಯಾ ಅವನ ಊರು. 1132ರ ಹೊತ್ತಿಗೆ ನಮ್ಮ ಮಂಗಳೂರಿಗೆ ಬಂದು, ಇಲ್ಲಿಯವಳೇ ಆದ ಆಶು ಎಂಬವಳ ಜೊತೆ ಸಂಸಾರ ಮಾಡಿ, ಹದಿನೇಳು ವರ್ಷ ಈ ಕರಾವಳಿಯಲ್ಲಿದ್ದು 1149ರಲ್ಲಿ ಏಡನ್‌ಗೆ ಮರಳಿದ. ಇಲ್ಲಿಂದ ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಹೌದು, ಅಡಿಕೆ! ಅಲ್ಲಿಂದ ಅವನಿಗೆ ತಾಮ್ರ, ಸೀಸ, ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಬರುತ್ತಿತ್ತು. ಒಡೆದ ಕಂಚು ತಾಮ್ರದ ಪಾತ್ರೆಗಳನ್ನೂ ಅಲ್ಲಿಯವರು ಕಳಿಸುತ್ತಿದ್ದರು. ಬೆನ್ ಯಿಜುವಿನ ಕಾರ್ಖಾನೆಯಲ್ಲಿ ಅವನ್ನು ಕರಗಿಸಿ ಹೊಸ ಪಾತ್ರೆ ಮಾಡಿ ಮರಳಿ ಹಡಗಿಗೇರಿಸುತ್ತಿದ್ದರು. ಮಾಲು ಬೇರೆ ದೇಶಕ್ಕೆ ಹೋಗಿ, ಅಲ್ಲಿ ಬೆಲೆ ಹೆಚ್ಚಿಸಿಕೊಂಡು ಬರುವುದು ಎಂಟು ನೂರು ವರ್ಷಕ್ಕೂ ಹಳೆಯದು ನೋಡಿ.

ಅವನ ಮಾಲು ಹೋಗುತ್ತಿದ್ದುದು ಏಡನ್‌ವರೆಗೆ. ಅಲ್ಲಿ ಮದ್ಮೂನ್ ಅನ್ನುವವನು ವ್ಯಾಪಾರಿಗಳ ಪ್ರತಿನಿಧಿ, ಅಂದರೆ ದೂರದೂರಿನ ವ್ಯಾಪಾರಿಗಳ ಪರವಾಗಿ ಮಾಲು ಇಳಿಸಿಕೊಂಡು, ಸುಂಕ ಕಟ್ಟಿ, ಮಾರಿ, ಲೆಕ್ಕ ಬರೆದು ಕಳಿಸುವವನು. ಅಲ್ಲಿಂದ ಮುಂದೆ ಬೇರೆ ಹಡಗು, ಐದಾಬ್ ಬಂದರು, ಒಂಟೆ, ನೈಲ್ ದೋಣಿ, ಕೈರೋ.

ಸೀದಾ ಯಾಕೆ ಹೋಗುತ್ತಿರಲಿಲ್ಲ? ನಾನು ಮೊದಲು ಕೇಳಿಕೊಂಡ ಪ್ರಶ್ನೆ ಇದೇ. ಉತ್ತರ ಗಾಳಿಯಲ್ಲಿದೆ. ನಮ್ಮ ಕಡಲಲ್ಲಿ ಮಳೆಗಾಲದ ಗಾಳಿ ಒಂದು ಕಡೆಗೆ, ಚಳಿಗಾಲದ ಗಾಳಿ ಇನ್ನೊಂದು ಕಡೆಗೆ. ಕೆಂಪು ಸಮುದ್ರದ ಉತ್ತರ ಭಾಗದಲ್ಲಿ ಗಾಳಿ ವರ್ಷವಿಡೀ ಎದುರಿನಿಂದ. ಒಂದೇ ಹಡಗು ಎಲ್ಲವನ್ನೂ ದಾಟಲು ಹೋದರೆ ಯಾವುದೋ ಒಂದು ಕಡೆ ಋತು ತಪ್ಪಿ ತಿಂಗಳುಗಟ್ಟಲೆ ಕೂರಬೇಕು. ಅದರ ಬದಲು ನಡುವೆ ಒಂದು ಊರು ಇದ್ದರೆ, ಎರಡೂ ಕಡೆಯವರು ತಮ್ಮ ತಮ್ಮ ಗಾಳಿಗೆ ಬಂದು ತಮ್ಮ ಗಾಳಿಗೇ ಮರಳಬಹುದು. ಜೊತೆಗೆ ಅಲ್ಲಿ ತೂಕ ಗೊತ್ತಿರುವವರು, ಭಾಷೆ ಗೊತ್ತಿರುವವರು, ಸಾಲ ಕೊಡುವವರು ಇರುತ್ತಾರೆ. ಅಂದರೆ ನಡುವಿನ ಊರು ಬರೀ ಕಮಿಷನ್ ತಿನ್ನುತ್ತಿರಲಿಲ್ಲ, ಒಂದು ಕೆಲಸ ಮಾಡುತ್ತಿತ್ತು.

ಈ ಪತ್ರಗಳಲ್ಲಿ ಬೆನ್ ಯಿಜುವಿನ ಒಬ್ಬ ಆಳಿನ ಪ್ರಸ್ತಾಪ ಬರುತ್ತದೆ. ಸ್ವರಾಕ್ಷರ ಬರೆಯದ ಲಿಪಿಯಾದ್ದರಿಂದ ಹೆಸರು ಹೇಗೆ ಓದಬೇಕು ಅಂತ ಗೊತ್ತಾಗಿರಲಿಲ್ಲ. ಘೋಷ್ ಮಂಗಳೂರಿಗೆ ಬಂದು ಪ್ರೊ. ಬಿ. ಎ. ವಿವೇಕ ರೈ ಅವರ ನೆರವಿನಿಂದ ಅದು 'ಬೊಮ್ಮ' ಇರಬೇಕು ಅನ್ನುವ ತೀರ್ಮಾನಕ್ಕೆ ಬಂದರು. ನಮ್ಮ ಬೊಮ್ಮ! ಯಜಮಾನನ ಮಾಲು, ದುಡ್ಡು ನಂಬಿ ಏಡನ್‌ವರೆಗೆ ಕಳಿಸುವಷ್ಟು ಭರವಸೆಯ ಆಳು. ಒಂದು ಸಲ ಅಲ್ಲಿ ಹೋಗಿ ಚೆನ್ನಾಗಿ ಕುಡಿದು, ಯಜಮಾನನ ಲೆಕ್ಕದಲ್ಲಿ ದುಡ್ಡು ಕೊಡಿ ಅಂತ ಮದ್ಮೂನನ ಹತ್ತಿರ ಗಲಾಟೆ ಮಾಡಿದ್ದಾನೆ. ಮದ್ಮೂನ್ ಪತ್ರದಲ್ಲಿ ಅದನ್ನೂ ಬರೆದು ಕಳಿಸಿದ್ದಾನೆ :) 1135ರ ಸುಮಾರಿಗೆ ಪರ್ಷಿಯನ್ ಕೊಲ್ಲಿಯ ಕೀಶ್ ದ್ವೀಪದ ದೊರೆ ಏಡನ್‌ಗೆ ಹಡಗುಪಡೆ ಕಳಿಸಿ ಮುತ್ತಿಗೆ ಹಾಕಿಸಿದ. ನಡುವಿನ ಊರಾಗುವ ಸುಖ ತನಗೂ ಬೇಕು ಅಂತ. ಸಿರಾಫಿನ ರಾಮಿಷ್ಟ್ ಎಂಬ ದೊಡ್ಡ ವ್ಯಾಪಾರಿಯ ಎರಡು ಹಡಗು ಬಂದ ಮೇಲೆ ಮುತ್ತಿಗೆ ಮುರಿಯಿತು.

ಈ ಪತ್ರಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಲೆಕ್ಕದ ಸಾಲುಗಳು. ಇಷ್ಟು ಮೂಟೆ ಬಂತು, ಇದು ಇಂಥವನದು, ಸುಂಕ ಇಷ್ಟು, ಕೂಲಿ ಇಷ್ಟು, ಉಳಿದದ್ದು ಇಷ್ಟು. ಮುಖ ನೋಡದೆ ವರ್ಷಗಟ್ಟಲೆ ನಡೆದ ವ್ಯವಹಾರ. ಮಾಲು ಹತ್ತು ಕೈ ದಾಟಿದರೂ ಅದು ಯಾರದು, ಎಲ್ಲಿಯದು ಅನ್ನುವುದು ಮಾಲಿನ ಜೊತೆಗೇ ಹೋಗುತ್ತಿತ್ತು.

*

ನಡುವಿನ ಊರು ಒಂದೇ ಇದ್ದು, ಅದರ ಕೀಲಿ ಒಬ್ಬನ ಕೈಗೆ ಹೋದರೆ ಏನಾಗುತ್ತದೆ ಅನ್ನುವುದು ಮುಂದಿನ ಪಾಠ.

1420ರ ದಶಕದ ಕೊನೆಗೆ ಈಜಿಪ್ಟಿನ ಸುಲ್ತಾನ ಬರ್ಸ್‌ಬೇ ಕಾಳುಮೆಣಸಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡ. ವೆನಿಸಿನವರು ಅಲೆಕ್ಸಾಂಡ್ರಿಯಾದಲ್ಲಿ ಅವನು ಹೇಳಿದ ಬೆಲೆಗೆ ಕೊಳ್ಳಬೇಕು. ವೆನಿಸಿನವರಿಂದ ಉಳಿದ ಯುರೋಪು ಕೊಳ್ಳಬೇಕು. ಈ ಸರಪಳಿಯನ್ನು ತಪ್ಪಿಸಿ ಸೀದಾ ಬರಬೇಕು ಅನ್ನುವ ಹಟವೂ 1498ರಲ್ಲಿ ವಾಸ್ಕೋ ಡ ಗಾಮಾನನ್ನು ಕಲ್ಲಿಕೋಟೆಗೆ ತಂದ ಕಾರಣಗಳಲ್ಲಿ ಒಂದು.

ಅವರು ನಡುವಿನವರನ್ನು ತೆಗೆದುಹಾಕಿದರಾ? ತಾವೇ ನಡುವೆ ಕೂತರು, ಅದೂ ತೋಪು ಇಟ್ಟುಕೊಂಡು! 1510ರಲ್ಲಿ ಗೋವಾ, 1511ರಲ್ಲಿ ಮಲಕ್ಕಾ, 1515ರಲ್ಲಿ ಹೋರ್ಮುಜ್. 1513ರಲ್ಲಿ ಏಡನ್‌ಗೂ ಏಣಿ ಹಾಕಿದರು, ಸಿಗಲಿಲ್ಲ. ಕಡಲಿಗಿಳಿಯುವ ಪ್ರತಿ ಹಡಗೂ ಅವರಿಂದ 'ಕಾರ್ಟಾಜ್' ಅನ್ನುವ ಪರವಾನಗಿ ಚೀಟಿ ಪಡೆಯಬೇಕು, ಇಲ್ಲದಿದ್ದರೆ ಹಡಗು ಜಪ್ತಿ.

ಇದು ನಮ್ಮ ನಾಡಿಗೆ ಹೇಗೆ ತಟ್ಟಿತು ಅನ್ನುವುದಕ್ಕೆ ಕುದುರೆಗಳ ಕತೆ ನೋಡಿ. ವಿಜಯನಗರಕ್ಕೆ ಕುದುರೆ ಬರುತ್ತಿದ್ದುದು ಹೋರ್ಮುಜ್‌ನಿಂದ, ಏಡನ್‌ನಿಂದ. ಹೋರ್ಮುಜ್ ಕುಡಿಯುವ ನೀರೂ ಸರಿಯಾಗಿ ಇಲ್ಲದ ದ್ವೀಪ, ಆದರೆ ನಡುವೆ ಕೂತಿದ್ದರಿಂದ ಶ್ರೀಮಂತ. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿಂದಲೇ ಹಡಗು ಹತ್ತಿ ಕಲ್ಲಿಕೋಟೆಗೆ ಬಂದು, ಮಂಗಳೂರಿನ ಮೇಲೆ ಘಟ್ಟ ಹತ್ತಿ 1443ರಲ್ಲಿ ವಿಜಯನಗರ ತಲುಪಿದ್ದು. ಸಾಳುವ ನರಸಿಂಹನಿಗೆ ಕುದುರೆ ಎಷ್ಟು ಬೇಕಾಗಿತ್ತು ಅಂದರೆ, ದಾರಿಯಲ್ಲಿ ಸತ್ತ ಕುದುರೆಗೂ ಬರೀ ಬಾಲ ತಂದು ತೋರಿಸಿದರೆ ಪೂರ್ತಿ ಹಣ ಕೊಡುತ್ತಿದ್ದ ಅಂತ ನೂನಿಜ್ ಬರೆದಿದ್ದಾನೆ. ಮೊದಲು ಈ ಕುದುರೆಗಳು ಭಟ್ಕಳದಂಥ ನಮ್ಮ ಬಂದರುಗಳಲ್ಲೇ ಇಳಿಯುತ್ತಿದ್ದವು. ಗೋವಾ ಹಿಡಿದ ಮೇಲೆ ಪೋರ್ಚುಗೀಸರು ಕುದುರೆ ಹಡಗುಗಳೆಲ್ಲ ಗೋವಾಕ್ಕೇ ಬರಬೇಕು ಅಂದರು. ಆ ಸುಂಕ ಗೋವಾದ ದೊಡ್ಡ ಆದಾಯವಾಯಿತು. ಕುದುರೆ ವಿಜಯನಗರಕ್ಕೆ ಕೊಡುವುದೋ, ಬಿಜಾಪುರಕ್ಕೆ ಕೊಡುವುದೋ ಅನ್ನುವ ಹಗ್ಗ ಅವರ ಕೈಯಲ್ಲಿ. 1547ರಲ್ಲಿ ಸದಾಶಿವರಾಯನ ಕಾಲದಲ್ಲಿ ಒಪ್ಪಂದವಾಗಿ ಕುದುರೆ ವಿಜಯನಗರಕ್ಕೆ ಅಂತ ಆಯಿತು. ಪ್ರತಿಯಾಗಿ ವಿಜಯನಗರದ ಮಾಲು ಪೋರ್ಚುಗೀಸರ ಕೈ ಸೇರಬೇಕು.

ನಮ್ಮ ಮೆಣಸು ಘಟ್ಟ ಇಳಿದು ಶರಾವತಿಯ ಮೇಲೆ ಹೊನ್ನಾವರಕ್ಕೆ ಹೋಗುತ್ತಿದ್ದ ಕಾಲವೂ ಇದೇ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಅಂತ ಕರೆದರು. ಅವಳ ಜೊತೆ ವ್ಯಾಪಾರವನ್ನೂ ಮಾಡಿದರು, ಜಗಳವನ್ನೂ ಆಡಿದರು. ಗೇರುಸೊಪ್ಪೆಯ ಚತುರ್ಮುಖ ಬಸದಿ ಈಗ ಕಾಡಿನ ನಡುವೆ ಒಂಟಿಯಾಗಿ ನಿಂತಿದೆ. ನಮ್ಮೂರಿನಿಂದ ದೂರವೇನಿಲ್ಲ. ಅಲ್ಲಿ ನಿಂತಾಗಲೆಲ್ಲ ನನಗೆ ಅಟ್ಟದ ಮೇಲಿನ ಚೀಲದ ವಾಸನೆ ನೆನಪಾಗುತ್ತದೆ.

ತಮಾಷೆ ಏನು ಗೊತ್ತಾ? ಇಷ್ಟೆಲ್ಲ ತೋಪು, ಚೀಟಿ ಇದ್ದರೂ ಹದಿನಾರನೇ ಶತಮಾನದ ಮಧ್ಯದ ಹೊತ್ತಿಗೆ ಮೆಣಸು ಮತ್ತೆ ಕೆಂಪು ಸಮುದ್ರದ ಹಳೇ ದಾರಿಯಲ್ಲಿ ವೆನಿಸ್ ತಲುಪತೊಡಗಿತ್ತು. ಸುಮಾತ್ರಾದ ಆಚೆಯಿಂದ ಹೊರಟ ಹಡಗುಗಳು ಪೋರ್ಚುಗೀಸರ ಕಣ್ಣು ತಪ್ಪಿಸಿ ಹೋಗುತ್ತಿದ್ದವು. ಒಂದು ಬಾಗಿಲಲ್ಲಿ ಸುಂಕ ಜಾಸ್ತಿಯಾದರೆ ಮಾಲು ಇನ್ನೊಂದು ಬಾಗಿಲು ಹುಡುಕುತ್ತದೆ. ಆಗಲೂ ಅಷ್ಟೆ, ಈಗಲೂ ಅಷ್ಟೆ.

*

ಈಗ ಮತ್ತೆ ಕೊಲಂಬೋಗೆ ಬರೋಣ. ನಮ್ಮ ದೇಶದ ಎಷ್ಟೋ ಕಂಟೇನರುಗಳು ಇವತ್ತಿಗೂ ಕೊಲಂಬೋದಲ್ಲಿ ಹಡಗು ಬದಲಾಯಿಸುತ್ತವೆ. ಅದರಲ್ಲಿ ಮೋಸವೇನಿಲ್ಲ. ದೊಡ್ಡ ಹಡಗು ನಿಲ್ಲುವಷ್ಟು ಆಳ ನಮ್ಮ ಬಹಳಷ್ಟು ಬಂದರುಗಳಲ್ಲಿ ಇರಲಿಲ್ಲ. ಸಣ್ಣ ಹಡಗಿನಲ್ಲಿ ಅಲ್ಲಿಗೆ ಹೋಗಿ ದೊಡ್ಡದಕ್ಕೆ ಏರಬೇಕಿತ್ತು. ಅದಕ್ಕೇ ಕೇರಳದ ವಿಳಿಂಞಂನಲ್ಲಿ ಹೊಸ ಬಂದರು ಕಟ್ಟಿ 2025ರ ಮೇ ತಿಂಗಳಲ್ಲಿ ಅಧಿಕೃತವಾಗಿ ಶುರು ಮಾಡಿದ್ದು. ಏಡನ್ ಮಾಡುತ್ತಿದ್ದ ಕೆಲಸವೇ ಇದು. ಆಗ ಗಾಳಿಗಾಗಿ ನಿಲ್ಲುತ್ತಿದ್ದರು, ಈಗ ಆಳಕ್ಕಾಗಿ.

ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ವಿಯೆಟ್ನಾಮಿನ ಮೆಣಸನ್ನು ನಾವೂ ತರಿಸಿಕೊಂಡು, ಎಣ್ಣೆ ಮತ್ತು ಓಲಿಯೋರೆಸಿನ್ ತೆಗೆದು ಹೊರದೇಶಕ್ಕೆ ಮಾರುತ್ತೇವೆ. ಹಾಗೆ ಮರುರಫ್ತಿಗಾಗಿ ತರುವ ಮಾಲಿಗೆ ಸುಂಕದ ವಿನಾಯಿತಿಯೂ ಇದೆ. ಅಂದರೆ ಆ ವ್ಯಾಪಾರದಲ್ಲಿ ನಡುವಿನ ದೇಶ ನಾವೇ!

ಹಾಗಾಗಿ ನನ್ನ ಸಿಟ್ಟು ಈಗ ನಡುವಿನ ಊರಿನ ಮೇಲೆ ಇಲ್ಲ. ಲಂಕಾದ ಬೆಳೆಗಾರನ ಮೇಲಂತೂ ಇಲ್ಲವೇ ಇಲ್ಲ. ಅವನ ನಿಜವಾದ ಕಾಳಿನ ಹೆಸರನ್ನೂ ಈ ಆಟ ಕೆಡಿಸುತ್ತದೆ. ಏಡನ್‌ನಲ್ಲಿ ಮೂಟೆ ಇಳಿದಾಗ ಅದು ಮಂಗಳೂರಿನದು ಅನ್ನುವುದನ್ನು ಮದ್ಮೂನ್ ಅಳಿಸಲಿಲ್ಲ. ಈಗಿನ ಮೋಸದಲ್ಲಿ ಮಾಡುವುದು ಅದೊಂದನ್ನೇ. ಕಾಳಿಗೆ ಏನನ್ನೂ ಸೇರಿಸುವುದಿಲ್ಲ, ಅದರ ಊರನ್ನು ಮಾತ್ರ ತೆಗೆಯುತ್ತಾರೆ. ಲಾಭ ಇರುವುದು ಆ ಅಳಿಸುವುದರಲ್ಲಿ.

ಕಳೆದ ಸಲ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪಯ್ಯನಿಗೆ ಹೇಳಿದೆ. ಬೊಮ್ಮ ಕುಡಿದು ಗಲಾಟೆ ಮಾಡಿದ್ದು ಕೇಳಿ ಜೋರಾಗಿ ನಕ್ಕ. ಬೆನ್ ಯಿಜು ಅಡಿಕೆ ಕಳಿಸುತ್ತಿದ್ದ ಅಂದಾಗ "ಚಾಲಿಯಾ, ಕೆಂಪಡಿಕೆಯಾ?" ಅಂತ ಕೇಳಿದ. ಎಂಟು ಶತಮಾನದ ಹಿಂದಿನ ಆ ಪತ್ರಕ್ಕೆ ಯಾವ ವಿದ್ವಾಂಸರೂ ಈ ಪ್ರಶ್ನೆ ಕೇಳಿರಲಿಕ್ಕಿಲ್ಲ!

ಆಯಿಯ ಮಂಡಿ ಈಗ ಸರಿಯಾಗಿದೆ. ನಾಲ್ಕು ಚೀಲದಲ್ಲಿ ಮುಗಿಯಬೇಕಿದ್ದದ್ದಕ್ಕೆ ಅಟ್ಟ ಪೂರ್ತಿ ಖಾಲಿಯಾಯಿತು, ಮೇಲೆ ಸೊಸೈಟಿಯ ಸಾಲವೂ ಆಯಿತು. ಈ ವರ್ಷ ಒಂದು ಚೀಲ ಮತ್ತೆ ಅಟ್ಟ ಹತ್ತಿದೆ. ಅಪ್ಪಯ್ಯ ಅದರ ಮೇಲೆ ಇದ್ದಲಿನಲ್ಲಿ ಇಸವಿ ಬರೆದಿದ್ದಾನೆ, ಯಾವಾಗಲೂ ಬರೆಯುವ ಹಾಗೆ. ಈ ಸಲ ಅದರ ಕೆಳಗೆ ಊರಿನ ಹೆಸರನ್ನೂ ಬರೆದಿದ್ದಾನೆ. ಯಾಕೆ ಅಂತ ನಾನು ಕೇಳಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಚೀಲ ಇದ್ದರೆ ಅದರ ಕತೆ ಬರೆಯಿರಿ. ಓದಲು ಕಾದಿರ್ತೀನಿ.